ಗಣಿಯ ಕಸವೇ ಗಣಿಗೆ ಕಂಬ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ಕೂಡಿಡುವ ಪದ್ಧತಿ ಬಹುಕಾಲ ನಡೆದುಬಂದಿತ್ತು. ಒಬ್ಬ ಮನುಷ್ಯನು ಇಳಿಯುವಷ್ಟು ಕಿರಿದಾದ ಬಾಯಿ, ಒಳಗೆ ಗಡಿಗೆಯ ಹೊಟ್ಟೆಯಂತೆ ಅಗಲವಾದ ಗುಂಡಿ, ಇದೇ ಹಗೇವು. ಅದು ತುಂಬಿರುವಾಗ ಒಳಗಿನ ಜೋಳವೇ ಗೋಡೆಗಳಿಗೆ ಒತ್ತಾಸೆಯಾಗಿ ನಿಲ್ಲುತ್ತದೆ. ಬರಿದಾದ ಮೇಲೆ ಆ ಒತ್ತಾಸೆ ತಪ್ಪುತ್ತದೆ. ಗೋಡೆಯ ಮಣ್ಣು ತನ್ನ ಬಲದಿಂದಲೇ ನಿಲ್ಲಬೇಕು. ಆಳು ಮಟ್ಟದ ಹಗೇವಿಗೆ ಇದು ದೊಡ್ಡ ಮಾತಲ್ಲ. ಸಾವಿರಾರು ಅಡಿ ಆಳದ ಗಣಿಗೆ ಇದು ಜೀವನ್ಮರಣದ ಪ್ರಶ್ನೆ.

ಅಂತಹ ಗಣಿ ಈ ಸೀಮೆಗೆ ದೂರದ್ದೇನಲ್ಲ. ಜೇವರ್ಗಿಯಿಂದ ದಕ್ಷಿಣಕ್ಕೆ ಸುರಪುರವನ್ನು ಹಾದು, ಕೃಷ್ಣಾ ನದಿಯನ್ನು ದಾಟಿದರೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಸಿಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅಲ್ಲಿ ಚಿನ್ನವನ್ನು ಅಗೆದ ಗುರುತುಗಳಿವೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, 1947ರಲ್ಲಿ, ಆರಂಭವಾದ ಕಂಪನಿಯು 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಹಟ್ಟಿ ಚಿನ್ನದ ಗಣಿ ಕಂಪನಿಯೆಂಬ ಹೆಸರನ್ನು ಪಡೆಯಿತು.

ಬಂಡೆಯ ಭಾರವೆಷ್ಟೆಂಬುದನ್ನು ಮೊದಲು ಲೆಕ್ಕ ಹಾಕಬೇಕು. ಒಂದು ಘನ ಮೀಟರ್ ಬಂಡೆಯು ಸುಮಾರು 2.7 ಟನ್ ತೂಗುತ್ತದೆ. ಹಾಗಾದರೆ 1000 ಮೀಟರ್ ಆಳದಲ್ಲಿ ಪ್ರತಿಯೊಂದು ಚದರ ಮೀಟರಿನ ಮೇಲೂ ಸುಮಾರು 2700 ಟನ್ ಹೊರೆ ಇರುತ್ತದೆ. ಅಲ್ಲಿ ಅದಿರಿನ ನಾಲ್ಕು ಭಾಗಗಳಲ್ಲಿ ಮೂರನ್ನು ತೆಗೆದು ಒಂದನ್ನು ಕಂಬವಾಗಿ ಉಳಿಸಿದರೆ, ಆ ಒಂದೇ ಭಾಗವು ನಾಲ್ಕರ ಹೊರೆಯನ್ನೂ ಹೊರಬೇಕಾಗುತ್ತದೆ. ಒಂದು ಕಂಬ ನುಚ್ಚಾದರೆ ಅದರ ಪಾಲು ನೆರೆಯ ಕಂಬಗಳ ತಲೆಗೆ ಬೀಳುತ್ತದೆ, ಅವೂ ಮುರಿಯುತ್ತವೆ. ದಕ್ಷಿಣ ಆಫ್ರಿಕದ ಕೋಲ್‌ಬ್ರೂಕ್ ಕಲ್ಲಿದ್ದಲ ಗಣಿಯಲ್ಲಿ 1960ರ ಜನವರಿಯಲ್ಲಿ ಹೀಗೆ ಕಂಬಗಳು ಸಾಲುಸಾಲಾಗಿ ಕುಸಿದು ನಾನೂರಕ್ಕೂ ಹೆಚ್ಚು ಕಾರ್ಮಿಕರು ಮಡಿದರು. ಎಷ್ಟು ಅಗಲದ, ಎಷ್ಟು ಎತ್ತರದ ಕಂಬ ಎಷ್ಟು ಭಾರ ತಾಳೀತೆಂಬುದನ್ನು ಸೂತ್ರಬದ್ಧವಾಗಿ ಅಳೆಯುವ ವಿಜ್ಞಾನಿಗಳ ಕೆಲಸಕ್ಕೆ ಆ ದುರಂತವು ಹೆಚ್ಚಿನ ಒತ್ತು ಕೊಟ್ಟಿತು.

ಕೋಲಾರದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಲ್ಲಿ ಮರದ ದಿಮ್ಮಿಗಳನ್ನು ಅಡ್ಡಡ್ಡವಾಗಿ ಪೇರಿಸಿಯೂ, ಕಣಶಿಲೆಯ ಕಲ್ಲುಗಳನ್ನು ಕಟ್ಟಿಯೂ ಆಸರೆ ಕೊಡುತ್ತಿದ್ದರು. ಆದರೂ ಒತ್ತಡ ತಾಳಲಾರದ ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು. ಈ ಶಿಲಾಸ್ಫೋಟಗಳ ಅದುರು ನೆಲದ ಮೇಲಿನ ಮನೆಗಳಿಗೂ ತಟ್ಟುತ್ತಿತ್ತು. ಕಣಶಿಲೆ ಗಟ್ಟಿಯಾದುದೇನೋ ಹೌದು. ಆದರೆ ಅದನ್ನು ಕಡಿದು, ಇಳಿಸಿ, ಒಂದೊಂದಾಗಿ ಕಟ್ಟುವ ಶ್ರಮ ಅಪಾರ. ಮೇಲೆ ಬೇಡವೆಂದು ಬಿದ್ದಿರುವ ವಸ್ತುವನ್ನೇ ಏಕೆ ಬಳಸಬಾರದು?

ಆ ವಸ್ತುವಿಗೆ ಗಣಿಯಲ್ಲಿ ಕೊರತೆಯೇ ಇಲ್ಲ. ಒಂದು ಟನ್ ಅದಿರಿನಿಂದ ದೊರೆಯುವ ಚಿನ್ನ ಕೆಲವೇ ಗ್ರಾಂ; ಉಳಿದುದೆಲ್ಲ ಕಸ. ಅದಿರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿಯುವ ನುಣ್ಣನೆಯ ಬೂದು ಮರಳಿಗೆ ಟೇಲಿಂಗ್ಸ್ ಎಂದು ಹೆಸರು. ಇದನ್ನು ನೀರಿನೊಡನೆ ಕಲಸಿ, ಕೊಳವೆಗಳ ಮೂಲಕ ಅದಿರು ತೆಗೆದ ತೆರಪುಗಳಿಗೆ ಹರಿಸುತ್ತಾರೆ. ತೆರಪಿನ ಬಾಯಿಗೆ ಮೊದಲೇ ತಡೆಗೋಡೆ ಕಟ್ಟಿರುತ್ತಾರೆ. ನೀರು ಬಸಿದುಹೋಗುತ್ತದೆ, ಮರಳು ನಿಲ್ಲುತ್ತದೆ. ಹಟ್ಟಿಯಲ್ಲಿಯೂ ಈ ಕ್ರಮವುಂಟು.

ಇಲ್ಲಿ ಒಂದು ಸೂಕ್ಷ್ಮವಿದೆ. ಜಿಗುಟಾದ ಅತಿ ಸಣ್ಣ ಕಣಗಳು ಸೇರಿಕೊಂಡರೆ ನೀರು ಬಸಿಯುವುದಿಲ್ಲ. ಎರೆಹೊಲದಲ್ಲಿ ಮಳೆನೀರು ನಿಂತಂತೆ ನಿಂತುಬಿಡುತ್ತದೆ. ಆ ನೀರಿನ ಒತ್ತಡಕ್ಕೆ ತಡೆಗೋಡೆ ಒಡೆದರೆ ಕೆಸರು ಸುರಂಗದೊಳಕ್ಕೆ ನುಗ್ಗಿ ಕೆಲಸಗಾರರನ್ನು ಮುಳುಗಿಸಬಹುದು. ಆದುದರಿಂದ ಕೆಸರನ್ನು ಶಂಕುವಿನಾಕಾರದ ಪಾತ್ರೆಯಲ್ಲಿ ವೇಗವಾಗಿ ಸುತ್ತಿಸಿ, ಸಣ್ಣ ಕಣಗಳನ್ನು ಮೊದಲೇ ಬೇರೆ ಮಾಡುತ್ತಾರೆ.

ಬಿಡಿ ಮರಳು ಭಾರ ಹೊತ್ತೀತೆ? ಮರಳ ರಾಶಿಯ ಮೇಲೆ ಕಾಲಿಟ್ಟರೆ ಅದು ಪಕ್ಕಕ್ಕೆ ಜಾರುತ್ತದೆ. ಅದೇ ಮರಳನ್ನು ಗೋಣಿಚೀಲದಲ್ಲಿ ಬಿಗಿಯಾಗಿ ತುಂಬಿ ಹೊಲಿದರೆ ಅದರ ಮೇಲೆ ನಾಲ್ಕು ಜನ ನಿಲ್ಲಬಹುದು. ಮರಳಿನ ಬಲವಿರುವುದು ಅದು ಪಕ್ಕಕ್ಕೆ ಸರಿಯದಂತೆ ತಡೆಯುವುದರಲ್ಲಿ. ಗಣಿಯಲ್ಲಿ ಬಂಡೆಯ ಗೋಡೆಗಳೇ ಆ ಗೋಣಿಚೀಲ. ಕಂಬವು ಬಿಡಿಯಾಗಿಯೇ ನಿಲ್ಲಬೇಕಾದಲ್ಲಿ ಮರಳಿಗೆ ಸಿಮೆಂಟನ್ನು ಬೆರೆಸುತ್ತಾರೆ. ನೂರು ಪಾಲಿಗೆ ಐದೋ ಹತ್ತೋ ಪಾಲು ಸಿಮೆಂಟ್ ಸಾಮಾನ್ಯವಾಗಿ ಸಾಕಾಗುತ್ತದೆ. ಹೀಗೆ ಗಟ್ಟಿಯಾದ ಕೃತಕ ಕಂಬದ ಆಸರೆಯಲ್ಲಿ, ಹಿಂದೆ ಕಂಬವಾಗಿ ಬಿಟ್ಟಿದ್ದ ಅದಿರನ್ನೂ ತೆಗೆಯಬಹುದು. ರಾಜಸ್ಥಾನದ ರಾಂಪುರಾ ಅಗುಚಾ ಸತುವಿನ ಗಣಿಯಲ್ಲಿ ನೀರನ್ನು ಬಹುಮಟ್ಟಿಗೆ ಹಿಂಡಿ, ರೊಟ್ಟಿಯ ಹಿಟ್ಟಿಗಿಂತ ತುಸು ತೆಳುವಾದ ಲೇಪವನ್ನಾಗಿ ಮಾಡಿ ತುಂಬುತ್ತಾರೆ. ಆಗ ಬಸಿಯುವ ನೀರೂ ಕಡಿಮೆ, ಅಪಾಯವೂ ಕಡಿಮೆ.

ಆದರೂ ಕಸದ ಕಂಬಕ್ಕೆ ಬಂಡೆಯ ಶಕ್ತಿ ಬಂದಿತೆಂದು ಭ್ರಮಿಸಬಾರದು. ಸಿಮೆಂಟ್ ಬೆರೆತ ತುಂಬು ಚದರ ಮೀಟರಿಗೆ ನೂರೋ ಇನ್ನೂರೋ ಟನ್ ತಾಳೀತು. ಮೇಲೆ ಹೇಳಿದ ಹೊರೆಯಾದರೋ 2700 ಟನ್. ಅದು ಇಡೀ ಬೆಟ್ಟವನ್ನು ಹೊರುವುದಿಲ್ಲ. ಗೋಡೆಗಳು ಒಳಕ್ಕೆ ಸರಿಯದಂತೆ, ಉಳಿದ ಬಂಡೆಗಂಬಗಳು ಚಕ್ಕೆಚಕ್ಕೆಯಾಗಿ ಉದುರದಂತೆ ಅವುಗಳನ್ನು ಸುತ್ತುವರಿದು ಹಿಡಿಯುತ್ತದೆ. ಜೋಳವು ಹಗೇವಿನ ಗೋಡೆಯನ್ನು ಹಿಡಿಯುವುದೂ ಹೀಗೆಯೇ.

ತುಂಬುವ ಮುನ್ನ ಕಸದಲ್ಲಿ ಉಳಿದಿರಬಹುದಾದ ಸೈನೈಡನ್ನು ನಾಶಪಡಿಸಬೇಕು. ಚಿನ್ನವಿರುವ ಬಂಡೆಗಳಲ್ಲಿ ಅನೇಕ ಕಡೆ ಆರ್ಸೆನಿಕ್ ಎಂಬ ವಿಷಧಾತುವೂ ಬೆರೆತಿರುತ್ತದೆ. ಜೇವರ್ಗಿಯ ನೆರೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲಿಯೇ ಆರ್ಸೆನಿಕ್ ಪತ್ತೆಯಾಗಿತ್ತು. ಆದಕಾರಣ ಗಣಿಯ ತುಂಬಿನಿಂದ ಬಸಿಯುವ ನೀರನ್ನು ಮೇಲೆತ್ತಿ, ಪರೀಕ್ಷಿಸಿ, ಮತ್ತೆ ಗಿರಣಿಗೇ ಬಳಸುವುದು ಲೇಸು.

ಇಷ್ಟಾದರೂ ಕಸವೆಲ್ಲ ಒಳಕ್ಕೆ ಹಿಡಿಸುವುದಿಲ್ಲ. ಬಂಡೆಯನ್ನು ಒಡೆದು ಅರೆದಾಗ ಕಣಗಳ ನಡುವೆ ಸಂದು ಬಿದ್ದು ಅದರ ಗಾತ್ರ ಹಿಗ್ಗುತ್ತದೆ. ಸುಮಾರು ಅರ್ಧದಷ್ಟು ಮೇಲೆಯೇ ಉಳಿಯುತ್ತದೆ. ಕೋಲಾರದಲ್ಲಿ ಹಾಗೆ ಉಳಿದದ್ದು 13 ಗುಡ್ಡಗಳಾಗಿ ನಿಂತಿದೆ. ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು. ಜನ ಅವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಬೇಸಗೆಯ ಗಾಳಿಗೆ ಅವುಗಳ ಧೂಳು ಊರಿನ ಮೇಲೆ ಹಾರುತ್ತದೆ. ಆ ಗುಡ್ಡಗಳಲ್ಲಿ ಉಳಿದಿರುವ ಅಲ್ಪ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರಲ್ಲಿ ಒಪ್ಪಿಗೆ ನೀಡಿತು. ಅವುಗಳ ಅಡಿಯಲ್ಲಿರುವ ಸುರಂಗಗಳಾದರೋ, ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ, ನೀರಿನಿಂದ ತುಂಬಿಹೋಗಿವೆ.