ಕಾರ್ಡಿನ ಅಂಚು ನಾಲ್ಕೂ ಕಡೆ ಸಮನಾಗಿ ಬರಬೇಕೇ?

ಈದ್ ಮಿಲನ್ ದಿನ ನಮ್ಮ ಕಾಲೇಜಿನ ವರಾಂಡದಲ್ಲಿ ವಿದ್ಯಾರ್ಥಿಗಳು ಕೈಯಿಂದ ಮಾಡಿದ ಕಾರ್ಡುಗಳನ್ನು ಮಾರಾಟಕ್ಕೆ ಇಡುವುದು ಎಲ್ಲರಿಗೂ ಗೊತ್ತು. ಬಂದ ಹಣ ಪರೀಕ್ಷಾ ಶುಲ್ಕ ಕಟ್ಟಲು ಕಷ್ಟವಿರುವ ಸಹಪಾಠಿಗಳಿಗೆ ಹೋಗುತ್ತದೆ. ಒಳ್ಳೆಯ ಕೆಲಸಕ್ಕೆಂದು ಕೊಳ್ಳುವವರು ಒಂದು ಕಾರ್ಡು ತೆಗೆದುಕೊಂಡು ಮುಂದೆ ಹೋಗುತ್ತಾರೆ. ಕಾರ್ಡು ಇಷ್ಟವಾದವರು ಐದು ಕೊಳ್ಳುತ್ತಾರೆ. ಆ ಐದಕ್ಕಾಗಿ ಈ ಲೇಖನ.

ಒಂದರ ಮೇಲೊಂದು ಬಣ್ಣದ ಕಾಗದ ಅಂಟಿಸಿ, ಪ್ರತಿ ಬಣ್ಣವೂ ಸಣ್ಣ ಗೆರೆಯಷ್ಟು ಹೊರಗೆ ಕಾಣುವಂತೆ ಮಾಡಿದರೆ ಸಾಮಾನ್ಯ ಕಾರ್ಡಿಗೂ ಚೌಕಟ್ಟು ಹಾಕಿದ ಚಿತ್ರದ ಕಳೆ ಬರುತ್ತದೆ. ಉರ್ದು ಓದುವವರಿಗೆ ಹಾಶಿಯಾ ಎಂಬ ಪದ ಪರಿಚಿತ. ಮೊಘಲರ ಕಾಲದ ಮುರಕ್ಕಾಗಳಲ್ಲಿ, ಅಂದರೆ ಚಿತ್ರ ಮತ್ತು ಕ್ಯಾಲಿಗ್ರಫಿ ಹಾಳೆಗಳ ಆಲ್ಬಮ್‌ಗಳಲ್ಲಿ, ಪ್ರತಿ ಚಿತ್ರದ ಸುತ್ತ ಬೇರೆ ಕಾಗದದ ಹಾಶಿಯಾ ಅಂಟಿಸುತ್ತಿದ್ದರು. 1605ರಿಂದ 1627ರವರೆಗೆ ಆಳಿದ ಜಹಾಂಗೀರನ ಆಲ್ಬಮ್‌ಗಳ ಹಾಶಿಯಾಗಳು ಒಳಗಿನ ಚಿತ್ರದಷ್ಟೇ ಹೆಸರುವಾಸಿ. ನಾವು ಮಾಡುವುದು ಅದರ ಬಡ ತಮ್ಮನನ್ನು, ಅಷ್ಟೇ.

ಮೊದಲು ಲೆಕ್ಕ. ಎ4 ಹಾಳೆ 210 × 297 ಮಿ.ಮೀ. ಅದನ್ನು ಅರ್ಧಕ್ಕೆ ಕತ್ತರಿಸಿ ಮಡಿಸಿದರೆ ಕಾರ್ಡಿನ ಮುಖ 105 × 148 ಆಗುತ್ತದೆ. 3 ಮಿ.ಮೀ. ಅಂಚು ಬೇಕೆಂದರೆ ಮೇಲಿನ ಕಾಗದದಿಂದ 3 ಕಳೆದರೆ ಸಾಲದು, 6 ಕಳೆಯಬೇಕು. ಅಂಚು ಎಡಕ್ಕೂ ಇದೆ, ಬಲಕ್ಕೂ ಇದೆ. ಹಾಗಾಗಿ ಮೊದಲ ಪದರ 99 × 142, ಎರಡನೆಯದು 93 × 136, ಬರೆಯುವ ಬಿಳಿ ಪದರ 87 × 130.

ಆದರೆ ಹೊಸಬರು 3 ಮಿ.ಮೀ. ಇಟ್ಟುಕೊಳ್ಳಬೇಡಿ ಎಂಬುದು ನನ್ನ ಸಲಹೆ. ಕಾಗದ ಒಂದೇ ಒಂದು ಮಿ.ಮೀ. ಆಚೀಚೆಯಾದರೆ ಒಂದು ಕಡೆ 2, ಇನ್ನೊಂದು ಕಡೆ 4 ಆಗುತ್ತದೆ. ಒಂದು ಅಂಚು ಇನ್ನೊಂದರ ಎರಡು ಪಟ್ಟು! ದೂರದಿಂದಲೇ ಕಾಣುತ್ತದೆ. ಅದೇ ತಪ್ಪು 10 ಮಿ.ಮೀ. ಅಂಚಿನಲ್ಲಾದರೆ 9 ಮತ್ತು 11, ಯಾರ ಕಣ್ಣಿಗೂ ಬೀಳುವುದಿಲ್ಲ. ಕೈ ಕುದುರುವವರೆಗೆ 5 ಮಿ.ಮೀ. ಇಟ್ಟರೆ ಸಾಕು, ಅಗಲ 105, 95, 85, 75 ಎಂದು ಇಳಿಯುತ್ತದೆ, ಲೆಕ್ಕವೂ ಸುಲಭ.

ಇನ್ನು ಕತ್ತರಿಸುವುದು. ಕತ್ತರಿ ಬೇಡ, ಉದ್ದನೆಯ ನೇರ ಗೆರೆ ಅದರಿಂದ ಬರುವುದಿಲ್ಲ. ಪೇಪರ್ ಕಟ್ಟರ್ ಮತ್ತು ಸ್ಟೀಲ್ ಸ್ಕೇಲ್ ಬೇಕು. ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಬ್ಲೇಡು ಕೆರೆದುಬಿಡುತ್ತದೆ, ಆಮೇಲೆ ಆ ಸ್ಕೇಲಿನಿಂದ ಎಳೆದ ಗೆರೆಯೂ ಸೊಟ್ಟ. ಕೆಳಗೆ ಹಳೆಯ ಕ್ಯಾಲೆಂಡರಿನ ದಪ್ಪ ರಟ್ಟು ಹಾಕಿ. ಸ್ಕೇಲು ಯಾವಾಗಲೂ ನಮಗೆ ಬೇಕಾದ ತುಂಡಿನ ಮೇಲೆ ಇರಬೇಕು. ಬ್ಲೇಡು ಜಾರಿದರೂ ಹಾಳಾಗುವುದು ಬಿಸಾಡುವ ಭಾಗ. ಒಂದೇ ಸಲ ಒತ್ತಿ ಕತ್ತರಿಸದೆ ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಒತ್ತಿದರೆ ಸ್ಕೇಲು ಸರಿಯುತ್ತದೆ. ಸ್ಕೇಲು ಹಿಡಿದ ಬೆರಳುಗಳು ಅಂಚಿನಿಂದ ಹಿಂದಿರಲಿ.

ಬ್ಲೇಡು ಮೊಂಡಾದರೆ ಕಾಗದದ ಅಂಚು ಜುಂಗು ಜುಂಗಾಗುತ್ತದೆ. ಕಟ್ಟರಿನ ಬ್ಲೇಡಿನ ಮೇಲೆ ಓರೆ ಗೆರೆಗಳಿರುವುದು ಮುರಿಯಲೆಂದೇ. ಈ ಉಪಾಯ ಹೂಡಿದವರು ಜಪಾನಿನ ಯೋಶಿಯೋ ಒಕಾಡಾ, 1956ರಲ್ಲಿ. ಅವರಿಗೆ ಅದು ಹೊಳೆದದ್ದು ಚಾಕೊಲೇಟ್ ತುಂಡುಗಳು ಗೆರೆಗುಂಟ ಮುರಿಯುವುದನ್ನು ನೆನೆದು. ನಮ್ಮಲ್ಲಿ ಎಷ್ಟೋ ಜನ ಒಂದೇ ತುದಿಯಲ್ಲಿ ಇಡೀ ವರ್ಷ ತಳ್ಳುತ್ತಾರೆ. ಮುರಿದ ಚೂರನ್ನು ಹಾಗೇ ಕಸದ ಬುಟ್ಟಿಗೆ ಹಾಕಬೇಡಿ, ಗುಡಿಸುವ ಅಕ್ಕನ ಕೈಗೆ ತಾಗುತ್ತದೆ. ಮುಚ್ಚಳವಿರುವ ಹಳೆಯ ಡಬ್ಬಿಯಲ್ಲಿ ಕೂಡಿಡಿ.

ಅಂಚು ಸಮ ಬರದಿರಲು ಮುಖ್ಯ ಕಾರಣ ಅಳತೆಯಲ್ಲ, ಮೂಲೆ. ಮೂಲೆ 90 ಡಿಗ್ರಿ ಇಲ್ಲದಿದ್ದರೆ ನಾಲ್ಕು ಬದಿಯನ್ನೂ ಸರಿಯಾಗಿ ಅಳೆದು ಪ್ರಯೋಜನವಿಲ್ಲ. ನೀವೇ ಕತ್ತರಿಸಿದ ಮೂಲೆಯ ಮೇಲೆ ಅನುಮಾನ ಬಂದರೆ ಪೈಥಾಗೊರಸ್‌ನನ್ನು ಕರೆಯಿರಿ: ಮೂಲೆಯಿಂದ ಒಂದು ಬದಿಗೆ 6 ಸೆಂ.ಮೀ., ಇನ್ನೊಂದು ಬದಿಗೆ 8 ಸೆಂ.ಮೀ. ಗುರುತು ಹಾಕಿ, ಎರಡು ಗುರುತುಗಳ ನಡುವೆ ಸರಿಯಾಗಿ 10 ಇರಬೇಕು.

ಅಂಗಡಿಯಿಂದ ತಂದ ಹಾಳೆಯ ಮೂಲೆಯನ್ನು ಯಂತ್ರ ಕತ್ತರಿಸಿರುತ್ತದೆ, ನಮ್ಮ ಕೈಗಿಂತ ಅದು ನಂಬಿಕಸ್ಥ. ನಾನು ಒಂದೆರಡು ಕಾರ್ಡು ಮಾಡುವಾಗ ಅದನ್ನೇ ಬಳಸುತ್ತೇನೆ. ಮೊದಲು ಬಿಳಿ ಕಾಗದವೊಂದನ್ನೇ ಅಳತೆಗೆ ಕತ್ತರಿಸಿ, ಅದನ್ನು ಬಣ್ಣದ ಹಾಳೆಯ ಮೂಲೆಯಲ್ಲಿ ಎರಡು ಅಂಚಿನಿಂದಲೂ 5 ಮಿ.ಮೀ. ಒಳಗಿಟ್ಟು ಅಂಟಿಸುತ್ತೇನೆ. ಈಗ ಎರಡು ಬದಿ ತಾನಾಗಿಯೇ ಸಿದ್ಧ. ಉಳಿದ ಎರಡು ಬದಿಯನ್ನು ಮಾತ್ರ 5 ಮಿ.ಮೀ. ಬಿಟ್ಟು ಕತ್ತರಿಸಬೇಕು. ಅಷ್ಟಾದ ಮೇಲೆ ಅದನ್ನು ಮುಂದಿನ ಬಣ್ಣದ ಹಾಳೆಯ ಮೂಲೆಗೆ ಇಡುವುದು. ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ, ಒಳಗಿನಿಂದ ಹೊರಗೆ. ಎಲ್ಲ ಪದರಗಳನ್ನೂ ಮೊದಲೇ ಕತ್ತರಿಸಿ ಆಮೇಲೆ ಕಣ್ಣಳತೆಯಲ್ಲಿ ನಡುವೆ ಕೂರಿಸಲು ಒದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ.

ನಲವತ್ತು ಕಾರ್ಡು ಮಾಡಬೇಕಾದಾಗ ಮಾತ್ರ ಹೀಗೆ ಕೂತರೆ ಈದ್ ಕಳೆದುಹೋಗುತ್ತದೆ. ಆಗ ಪ್ರತಿ ಪದರಕ್ಕೊಂದು ರಟ್ಟಿನ ಮಾದರಿಯನ್ನು ಜಾಗ್ರತೆಯಿಂದ ಮಾಡಿಕೊಂಡು, ಹಾಳೆಯ ಮೇಲಿಟ್ಟು ನಾಲ್ಕು ಮೂಲೆಗೆ ಗುಂಡುಸೂಜಿಯಿಂದ ಚುಚ್ಚಿ. ಪೆನ್ಸಿಲ್ ಗೆರೆಗೇ ಅರ್ಧ ಮಿ.ಮೀ. ದಪ್ಪವಿರುತ್ತದೆ, ಗೆರೆಯ ಈಚೆ ಕತ್ತರಿಸಿದಿರೋ ಆಚೆಯೋ ಎನ್ನುವುದರಲ್ಲೇ ಅಳತೆ ತಪ್ಪುತ್ತದೆ. ಚುಚ್ಚಿದ ತೂತಿಗೆ ಆ ಗೊಂದಲವಿಲ್ಲ. 3 ಮಿ.ಮೀ. ಅಳತೆಯಲ್ಲಿ ಮೂರೂ ಪದರಗಳು ಒಂದು ಎ4 ಹಾಳೆಗೆ ನಾಲ್ಕರಂತೆ ಸಿಗುತ್ತವೆ. 40 ಕಾರ್ಡಿಗೆ ಮಡಿಸುವ ಹಾಳೆ 20, ಪ್ರತಿ ಪದರಕ್ಕೆ 10, ಒಟ್ಟು 50 ಹಾಳೆ. ಅಂಗಡಿಗೆ ಹೋಗುವ ಮೊದಲು ಈ ಲೆಕ್ಕ ಜೇಬಿನಲ್ಲಿರಲಿ.

ಅಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರಿನಂಶದ ಬಿಳಿ ಅಂಟು ಕಾಗದವನ್ನು ಉಬ್ಬಿಸಿ ಸುಕ್ಕು ಮಾಡುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಗ್ಲೂ ಸ್ಟಿಕ್ ಅಥವಾ ಡಬಲ್ ಸೈಡ್ ಟೇಪ್ ಒಳ್ಳೆಯದು. ಟೇಪಿನ ಮೇಲಿನ ಕಾಗದವನ್ನು ತುದಿಯಲ್ಲಷ್ಟೇ ಬಿಡಿಸಿ, ಜಾಗ ನೋಡಿ ಕೂರಿಸಿ, ಆಮೇಲೆ ಉಳಿದದ್ದನ್ನು ಎಳೆಯಿರಿ.

ಒಂದು ಉಳಿತಾಯದ ದಾರಿ. 99 × 142ರ ಪದರದಲ್ಲಿ ಹೊರಗೆ ಕಾಣುವುದು ಸುತ್ತಲಿನ 3 ಮಿ.ಮೀ. ಮಾತ್ರ, ನಡುವಿನದೆಲ್ಲ ಮುಚ್ಚಿಹೋಗುತ್ತದೆ. ಅಂಟಿಸುವ ಮೊದಲೇ ಸುತ್ತ 10 ಮಿ.ಮೀ. ಬಿಟ್ಟು ನಡುವಿನ ಭಾಗವನ್ನು ಕತ್ತರಿಸಿ ತೆಗೆದರೆ 79 × 122ರ ತುಂಡು ಕೈಗೆ ಬರುತ್ತದೆ. ಅಂಟಿಗೆ 7 ಮಿ.ಮೀ. ಜಾಗ ಇನ್ನೂ ಉಳಿದಿರುತ್ತದೆ, ಕಾರ್ಡೂ ಹಗುರ. ದುಬಾರಿ ಮಿನುಗು ಕಾಗದ ಬಳಸುವವರು ಇದನ್ನು ಮರೆಯಬೇಡಿ. ಆ ತುಂಡುಗಳನ್ನು ಉಡುಗೊರೆಗೆ ಕಟ್ಟುವ ಹೆಸರಿನ ಚೀಟಿಗಳಾಗಿ ಅದೇ ಮೇಜಿನ ಮೇಲೆ ಬೇರೆಯಾಗಿ ಮಾರಬಹುದು.