ಮಾಡಿಯಾನು, ಮಾಡ್ಯಾನ: ಒಂದು ಕ್ರಮಬದ್ಧ ಧಾತುವಿನ ರೂಪಾವಳಿಯೂ ಬೀದರ ಸೀಮೆಯ ಆಡುಮಾತೂ

ಒಂದು ಧಾತುವನ್ನು ಹಿಡಿದು ಅದನ್ನು ಕಾಲ, ಅರ್ಥ, ಪುರುಷ, ವಚನಗಳಲ್ಲಿ ನಡೆಯಿಸಿ ತೋರಿಸುವುದು ವ್ಯಾಕರಣಶಾಸ್ತ್ರದ ಅತ್ಯಂತ ನೀರಸವಾದ ಭಾಗವೆಂದು ಬಹುಮಂದಿ ಎಣಿಸುವರು. ಬಾಲಕರು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಾದೊಡನೆ ಮರೆಯುವರು. ಪ್ರೌಢರು ಅದರ ಕಡೆಗೆ ತಿರುಗಿಯೂ ನೋಡರು. ಆದರೆ ಗ್ರಂಥಭಾಷೆಯೂ ಮನೆಯ ಮಾತೂ ಒಂದೇ ಅಲ್ಲದ ಸೀಮೆಗಳಲ್ಲಿ ಈ ರೂಪಾವಳಿಯ ಒಂದೊಂದು ಕೊನೆಯ ಸ್ವರವೂ ವಾಕ್ಯದ ತಾತ್ಪರ್ಯವನ್ನೇ ತಿರುಗಿಸಬಲ್ಲದು. ಅಂತಹ ಒಂದು ರೂಪವನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಹುಮನಾಬಾದಿನಿಂದ ಜಹೀರಾಬಾದಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿಯನ್ನು ವಾಚಕರು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಪಡುವಲಿಗೆ ಶರಣರ ಕಲ್ಯಾಣ. ಮೂಡಲಿಗೆ ತೆಲುಗು ನಾಡು. ಸಂತೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖ್ಖನಿ ಉರ್ದು ಈ ನಾಲ್ಕೂ ಕಿವಿಗೆ ಬೀಳುವುವು. ಈ ಸೀಮೆಯು ೧೯೫೬ನೆಯ ನವೆಂಬರ್ ೧ರವರೆಗೆ ಹೈದರಾಬಾದು ಸಂಸ್ಥಾನಕ್ಕೂ ಬಳಿಕ ಅದೇ ಹೆಸರಿನ ರಾಜ್ಯಕ್ಕೂ ಸೇರಿದ್ದಿತು. ನಿಜಾಮರ ಆಳಿಕೆಯಲ್ಲಿ ಕಛೇರಿಯ ಭಾಷೆಯೂ ಉಚ್ಚ ಶಿಕ್ಷಣದ ಭಾಷೆಯೂ ಉರ್ದುವಾಗಿದ್ದುದರಿಂದ ಗ್ರಂಥಸ್ಥ ಕನ್ನಡವು ಇಲ್ಲಿಯ ಶಾಲೆಗಳಿಗೆ ತಡವಾಗಿ, ಅದೂ ಮೈಸೂರು ಧಾರವಾಡಗಳ ಪಂಡಿತರು ತಿದ್ದಿದ ರೂಪದಲ್ಲಿ ಬಂದಿತು. ಮನೆಯ ಕನ್ನಡವಾದರೋ ಮೊದಲಿನಿಂದಲೂ ಇದ್ದೇ ಇದ್ದಿತು. ಅದಕ್ಕೆ ಅದರದೇ ಆದ ರೂಪಾವಳಿಯಿದೆ, ಅದು ಅಡ್ಡಾದಿಡ್ಡಿಯಾದುದಲ್ಲ.

ಈಗ 'ಅವನು ಈ ಕೆಲಸವನ್ನು ಮಾಡಿಯಾನು' ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ವ್ಯಾಕರಣದ ಪುಸ್ತಕವು ಇದನ್ನು ಸಂಭಾವನಾರ್ಥಕವೆನ್ನುತ್ತದೆ: ಮಾಡಿದರೆ ಮಾಡಬಹುದು, ನಿಶ್ಚಯವಿಲ್ಲ. ಆದರೆ ಬೀದರ, ಕಲಬುರಗಿಗಳ ಕಡೆಯ ಬಾಲಕನ ಮನೆಯಲ್ಲಿ 'ಅಂವ ಈ ಕೆಲ್ಸ ಮಾಡ್ಯಾನ' ಎಂದರೆ ಅವನು ಕೆಲಸವನ್ನು ಮಾಡಿ ಮುಗಿಸಿದ್ದಾನೆಂದೇ ಅರ್ಥ. ಒಂದೇ ಮೈಕಟ್ಟಿನ ಎರಡು ರೂಪಗಳು. ಒಂದು ಶಂಕೆಯನ್ನು ಹೇಳುತ್ತದೆ, ಇನ್ನೊಂದು ಸಿದ್ಧವಾದ ಸಂಗತಿಯನ್ನು ಹೇಳುತ್ತದೆ. ಹುಡುಗನು ಮೊದಲನೆಯದನ್ನು ಎರಡನೆಯದರ ಶುದ್ಧರೂಪವೆಂದು ಭ್ರಮಿಸಿದರೆ ಆಶ್ಚರ್ಯವೇನು? ಅವನ ಮನಸ್ಸಿನಲ್ಲಿ ಆ ವಾಕ್ಯದ ಕೆಲಸವು ಆಗಲೇ ಆಗಿಹೋಗಿರುತ್ತದೆ.

ಈ ತೊಡಕನ್ನು ಬಿಡಿಸಬೇಕಾದರೆ 'ಮಾಡು' ಧಾತುವಿನ ರೂಪಗಳನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಪ್ರಥಮಪುರುಷದ ಪುಲ್ಲಿಂಗ ಏಕವಚನದಲ್ಲಿ ಭೂತಕ್ಕೆ ಮಾಡಿದನು, ವರ್ತಮಾನಕ್ಕೆ ಮಾಡುತ್ತಾನೆ, ಭವಿಷ್ಯತ್ತಿಗೆ ಮಾಡುವನು. ವಿಧ್ಯರ್ಥಕ್ಕೆ ಮಾಡಲಿ, ನಿಷೇಧಕ್ಕೆ ಮಾಡನು, ಸಂಭಾವನೆಗೆ ಮಾಡಿಯಾನು. ನಿಷೇಧರೂಪದಲ್ಲಿ ಕಾಲಪ್ರತ್ಯಯವೇ ಇಲ್ಲವೆಂಬುದು ಕನ್ನಡದ ಒಂದು ಸೊಗಸು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಸಂಭಾವನೆಯ ಪೂರ್ಣ ರೂಪಾವಳಿ ಹೀಗಿದೆ: ಮಾಡಿಯಾನು, ಮಾಡಿಯಾಳು, ಮಾಡಿಯಾರು, ಮಾಡೀತು, ಮಾಡಿಯಾವು, ಮಾಡೀಯೆ, ಮಾಡೀರಿ, ಮಾಡಿಯೇನು, ಮಾಡಿಯೇವು. ಇವುಗಳ ರಚನೆ ಅತಿ ಸರಳ. ಭೂತಕೃದಂತವನ್ನು ಇಟ್ಟುಕೊಂಡು ಅದರ ಮೇಲೆ ದೀರ್ಘಸ್ವರಾದಿಯಾದ ಪುರುಷಪ್ರತ್ಯಯವನ್ನು ಹಚ್ಚುವುದು; ಅಷ್ಟೇ. 'ಮಾಡಿ' ಎಂಬುದರಿಂದ ಮಾಡಿಯಾನು, 'ಕರೆದು' ಎಂಬುದರಿಂದ ಕರೆದಾನು, 'ಬಂದು' ಎಂಬುದರಿಂದ ಬಂದಾನು. ಭೂತಕೃದಂತವನ್ನು ಬಲ್ಲವನಿಗೆ ಇಲ್ಲಿ ಬಹುತೇಕ ಧಾತುಗಳು ಕ್ರಮ ತಪ್ಪಿದುವಾಗಿ ತೋರವು.

ಇನ್ನು ಬೀದರ ಸೀಮೆಯ ರೂಪಗಳು: ಮಾಡ್ಯಾನ, ಮಾಡ್ಯಾಳ, ಮಾಡ್ಯಾರ, ಮಾಡೀರಿ, ಮಾಡೀನಿ, ಕರೆದಾನ, ಬಂದಾನ, ಬಂದಾಳ, ಬಂದಾರ. ಇಲ್ಲಿಯೂ ಅದೇ ಭೂತಕೃದಂತ, ಅದೇ ದೀರ್ಘಸ್ವರ. ಕೊನೆಯ ಸ್ವರ ಮಾತ್ರ ಬೇರೆ. ಗ್ರಂಥಭಾಷೆಯ ಕ್ರಿಯಾಪದದ ಕೊನೆಯ ಎಕಾರವು ಇತ್ತ ಅಕಾರವಾಗುವುದು ಸಾಮಾನ್ಯ ನಿಯಮ. ಮಾಡುತ್ತಾನೆ ಎಂಬುದು 'ಮಾಡ್ತಾನ' ಆಗುವುದನ್ನು ಎಲ್ಲರೂ ಕೇಳಿರುವರು. ಆದಕಾರಣ ಬಂದಾನ ಎಂಬುದರ ಹಿಂದೆ ಇರುವುದು 'ಬಂದಾನು' ಅಲ್ಲ, 'ಬಂದಾನೆ'. ಉಕಾರಾಂತವು ಸಂಭಾವನೆ, ಎಕಾರಾಂತವು ನಿಶ್ಚಯ. ನಪುಂಸಕದಲ್ಲಂತೂ ಎರಡೂ ದೂರ ಸರಿದಿವೆ: ಸಂಭಾವನೆಗೆ ಬಂದೀತು, ಸಿದ್ಧಾರ್ಥಕ್ಕೆ ಬಂದದ.

'ಬಂದಾನೆ' ಎಂಬ ರೂಪವು ಗ್ರಂಥಭಾಷೆಯಲ್ಲಿ ಈ ಅರ್ಥದಲ್ಲಿ ಎಲ್ಲಿದೆ ಎಂದು ಯಾರಾದರೂ ಆಕ್ಷೇಪಿಸಿಯಾರು. ಇದಕ್ಕೆ ಉತ್ತರವು ನಾವು ದಿನವೂ ನೂರು ಬಾರಿ ಆಡುವ ಒಂದು ಶಬ್ದದಲ್ಲಿದೆ. 'ಇರು' ಧಾತುವಿನ ಭೂತಕೃದಂತ 'ಇದ್ದು'; ಅದರಿಂದ ಸಂಭಾವನೆಗೆ ಇದ್ದಾನು, ನಿಶ್ಚಯವಾದ ವರ್ತಮಾನಕ್ಕೆ ಇದ್ದಾನೆ. ಎರಡಕ್ಕೂ ನಡುವಣ ಅಂತರ ಒಂದೇ ಸ್ವರ. ಶಿಷ್ಟಭಾಷೆಯು ಈ ಜೋಡಿಯನ್ನು ಮುಖ್ಯವಾಗಿ 'ಇರು' ಧಾತುವಿನಲ್ಲಿಯೇ ಉಳಿಸಿಕೊಂಡು, ಮಿಕ್ಕ ಧಾತುಗಳಿಗೆ ಆ 'ಇದ್ದಾನೆ'ಯನ್ನೇ ಬಾಲವಾಗಿ ಹಚ್ಚಿ ಮಾಡಿದ್ದಾನೆ, ಬಂದಿದ್ದಾನೆ ಎಂದು ಹೇಳಿತು. ಬೀದರದ ಮಾತು ಆ ಜೋಡಿಯನ್ನು ಎಲ್ಲ ಧಾತುಗಳಲ್ಲಿಯೂ ಇಟ್ಟುಕೊಂಡಿದೆ. ಹಾಗಿರಲಾಗಿ ಮಾಡ್ಯಾನ ಎಂಬುದನ್ನು 'ಮಾಡಿದ್ದಾನೆ'ಯ ಅಪಭ್ರಂಶವೆಂದು ತಳ್ಳಿಬಿಡುವುದು ನ್ಯಾಯವಲ್ಲ. ಕ್ರಮಬದ್ಧತೆಯ ದೃಷ್ಟಿಯಿಂದ ನೋಡಿದರೆ ಅದೇ ಹೆಚ್ಚು ನಿಯಮಬದ್ಧವಾದುದು.

ಈ ದೀರ್ಘಸ್ವರವು ಎಲ್ಲಿಂದ ಬಂದಿತು? ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣದ ಆಖ್ಯಾತಪ್ರಕರಣದಲ್ಲಿ ಹೇಳುವ ಕಾಲಪ್ರತ್ಯಯಗಳಲ್ಲಿ ಭೂತಕ್ಕೆ ದ, ಭವಿಷ್ಯತ್ತಿಗೆ ವ, ವರ್ತಮಾನಕ್ಕೆ ದಪ. ಬಂದಪಂ ಎಂದರೆ ಬರುತ್ತಾನೆ. ಈ ದಪ ಎಂಬುದು ಒಂದೇ ಪ್ರತ್ಯಯವಲ್ಲ, ಭೂತಕೃದಂತದ ಮೇಲೆ 'ಆಗು' ಧಾತುವಿನ 'ಅಪ್ಪಂ' ಎಂಬ ರೂಪವು ಸೇರಿ ಆದುದು ಎಂದು ಭಾಷಾಶಾಸ್ತ್ರಜ್ಞರು ವಿವರಿಸುವರು. ನಡುಗನ್ನಡದಲ್ಲಿ ಪಕಾರವು ಹಕಾರವಾಗಿ ಬಂದಹನು ಎಂದಾಯಿತು. ಹಕಾರವೂ ಸವೆದು ಎರಡು ಅಕಾರಗಳು ಕೂಡಲು ಬಂದಾನು. ಮಾಡಿಯಾನು ಎಂಬುದೂ ಅದೇ ಅಚ್ಚಿನಲ್ಲಿ 'ಮಾಡಿ'ಯ ಮೇಲೆ ನಿಂತಿತು. ಹಿಂದೆ ಸ್ವತಂತ್ರವಾಗಿದ್ದ ಒಂದು ಕ್ರಿಯಾಪದವು ಹೀಗೆ ಕರಗಿ ಪ್ರತ್ಯಯವಾಯಿತು.

ಇದು ಕನ್ನಡಕ್ಕೆ ಮಾತ್ರ ಸೇರಿದ ವಿಚಿತ್ರವಲ್ಲ. ಇಟಾಲಿಯನ್ ಭಾಷೆಯನ್ನು ನೋಡಿರಿ. (ಆ ಭಾಷೆ ನಮ್ಮ ವ್ಯಾಕರಣಚರ್ಚೆಗೆ ತೀರ ಹೊರಗಿನದೂ ಅಲ್ಲ, ೧೮೮೨ರಲ್ಲಿ ಮಂಗಳೂರಿನಲ್ಲಿ ಕೊಂಕಣಿಯ ವ್ಯಾಕರಣವನ್ನು ಅಚ್ಚುಹಾಕಿಸಿದ ಜೆಸುಯಿಟ್ ಪಾದ್ರಿ ಮಾಫೆಯಿಯವರು ಇಟಾಲಿಯನ್ ಭಾಷಿಕರೇ.) ಅದರ ಧಾತುಗಳನ್ನು ಆರೆ, ಎರೆ, ಇರೆ ಎಂಬ ಕೊನೆಗಳಿಂದ ಮೂರು ಗಣಗಳಾಗಿ ವಿಂಗಡಿಸುವರು. ಮೊದಲನೆಯ ಗಣದ ಕ್ರಮಬದ್ಧ ಧಾತು 'ಪಾರ್ಲಾರೆ', ಎಂದರೆ ಮಾತನಾಡುವುದು. ಇದರ ಭವಿಷ್ಯದ್ರೂಪ 'ಪಾರ್ಲೆರೊ', ನಾನು ಮಾತನಾಡುವೆನು. ಇದು 'ಪಾರ್ಲಾರೆ'ಯ ಮೇಲೆ ಉಳ್ಳು ಎಂಬರ್ಥದ ಸಹಾಯಕ್ರಿಯೆಯು ಬಂದು ಬೆಸೆದುಕೊಂಡುದರ ಫಲ. 'ಮಾತನಾಡಿಯಾನು' ಎಂಬುದಕ್ಕೆ ಸಮೀಪವಾದ 'ಪಾರ್ಲೆರೆಬ್ಬೆ' ಎಂಬ ರೂಪವೂ ಅದೇ ಸಹಾಯಕ್ರಿಯೆಯ ಭೂತರೂಪದಿಂದಾದುದು. ನಮ್ಮ 'ಅಪ್ಪಂ' ಕರಗಿದಂತೆಯೇ ಅವರ ಸಹಾಯಕ್ರಿಯೆಯೂ ಕರಗಿತು.

ಕೊನೆಯ ಸ್ವರವೊಂದೇ ಅರ್ಥಭೇದವನ್ನು ಹೊರುವುದಕ್ಕೂ ಆ ಭಾಷೆಯಲ್ಲಿ ಒಳ್ಳೆಯ ನಿದರ್ಶನವಿದೆ. 'ಪಾರ್ಲ' ಎಂದರೆ ಅವನು ಮಾತನಾಡುತ್ತಾನೆ, ಇದು ನಿಶ್ಚಯ. 'ಪಾರ್ಲಿ' ಎಂದರೆ ಅವನು ಮಾತನಾಡುತ್ತಾನೆಂದು ನನ್ನ ಊಹೆ, ಇಲ್ಲವೆ ನನ್ನ ಬಯಕೆ. ನಂಬು ಎಂಬರ್ಥದ 'ಕ್ರೇದೆರೆ' ಧಾತುವಿನಲ್ಲಿ ನಿಶ್ಚಯಕ್ಕೆ 'ಕ್ರೇದೆ', ಊಹೆಗೆ 'ಕ್ರೇದ'. ಒಂದು ಗಣದಲ್ಲಿ ನಿಶ್ಚಯವನ್ನು ತೋರಿಸುವ ಅಕಾರವೇ ಇನ್ನೊಂದು ಗಣದಲ್ಲಿ ಅನಿಶ್ಚಯವನ್ನು ತೋರಿಸುತ್ತದೆ! ಸ್ವರಕ್ಕೆ ತನ್ನದೇ ಆದ ಅರ್ಥವಿಲ್ಲ. ತನ್ನ ರೂಪಾವಳಿಯಲ್ಲಿ ಪಕ್ಕದ ಸ್ವರಕ್ಕಿಂತ ಬೇರೆಯಾಗಿರುವುದೇ ಅದರ ಅರ್ಥ. ಮಾಡ್ಯಾನ ಎಂಬುದನ್ನು ಮಾಡಿಯಾನು ಎಂಬುದರ ಪಕ್ಕದಲ್ಲಿರಿಸಿ ಕಲಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಆದರೆ ಭೇದವು ಎಲ್ಲ ಪುರುಷಗಳಲ್ಲಿಯೂ ಉಳಿಯುವುದಿಲ್ಲ. ಇಟಾಲಿಯನ್‌ನಲ್ಲಿ 'ಪಾರ್ಲಿಯಾಮೊ' ಎಂಬ ಉತ್ತಮಪುರುಷ ಬಹುವಚನವು ನಿಶ್ಚಯಕ್ಕೂ ಊಹೆಗೂ ಒಂದೇ. ನಮ್ಮಲ್ಲಿ 'ಮಾಡೀರಿ', 'ಬಂದೀರಿ' ಎಂಬ ಮಧ್ಯಮಪುರುಷ ಬಹುವಚನವು ಹಾಗೆಯೇ. 'ನೀವು ನಾಳೆ ಬಂದೀರಿ, ಜೋಕೆ' ಎಂಬಲ್ಲಿ ಅದು ಸಂಭಾವನೆ. ಹುಮನಾಬಾದಿನ ಮನೆಯಂಗಳದಲ್ಲಿ 'ಯಾವಾಗ ಬಂದೀರಿ?' ಎಂದು ಅತಿಥಿಯನ್ನು ಕೇಳಿದರೆ ಅದು ಸಿದ್ಧಾರ್ಥ. ಅಕ್ಷರ ಒಂದೂ ಬದಲಾಗಿಲ್ಲ. ಇದಕ್ಕಿಂತ ಸೂಕ್ಷ್ಮವಾದುದು ಸಂಧಿಯ ಸ್ಥಳ. ಇದ್ದಾನೆ, ಇದ್ದಾನು ಈ ಎರಡಕ್ಕೂ ಪರದಲ್ಲಿ 'ಎಂದು' ಬಂದರೆ ಲೋಪಸಂಧಿಯಿಂದ 'ಇದ್ದಾನೆಂದು' ಎಂಬ ಒಂದೇ ರೂಪವಾಗುತ್ತದೆ. 'ಅವನು ಮನೆಯಲ್ಲಿ ಇದ್ದಾನೆಂದು ಹೋದೆನು' ಎಂಬ ವಾಕ್ಯದಲ್ಲಿ ಹೋದವನಿಗೆ ನಿಶ್ಚಯವಿದ್ದಿತೋ ಬರಿಯ ಆಸೆಯಿದ್ದಿತೋ ವ್ಯಾಕರಣವು ಹೇಳಲಾರದು. ಅರ್ಥ ಹೇಳುವವರು ಇಂತಹ ಸ್ಥಳದಲ್ಲಿ ಸಂಧಿಯನ್ನು ಬಿಡಿಸಿ ಎರಡೂ ಪಕ್ಷಗಳನ್ನು ತೋರಿಸುವುದು ಉಚಿತ. ಹಳೆಯ ಗದ್ಯವನ್ನು ಸಂಪಾದಿಸುವವರಿಗೂ ಇದು ಸಲ್ಲುವುದು.

ಮಾಡ್ಯಾನ, ಬಂದಾನ ಎಂಬವು ಉರ್ದುವಿನ 'ಆಯಾ ಹೈ', ಮರಾಠಿಯ 'ಆಲಾ ಆಹೆ' ಎಂಬವುಗಳ ಅನುಕರಣವೆಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಲಾಗದು. ನೆರೆಯ ಭಾಷೆಗಳ ಸಹವಾಸವು ಈ ರೂಪದ ಬಳಕೆಗೆ ಬಲ ಕೊಟ್ಟಿರಬಹುದು. ಆದರೆ ಆ ಭಾಷೆಗಳಲ್ಲಿ ಅವು ಎರಡೆರಡು ಶಬ್ದಗಳು. ಕನ್ನಡದಲ್ಲಿ ಒಂದೇ ಶಬ್ದ. ಮೂಲದ್ರವ್ಯವೂ ಕನ್ನಡದ್ದೇ. ಬೀದರದಿಂದ ಬಹುದೂರದ ಧಾರವಾಡದ ಕಡೆಯಲ್ಲಿಯೂ 'ಬಂದಾನ' ಎಂಬುದು ಇದೇ ಅರ್ಥದಲ್ಲಿ ಬಳಕೆಯಲ್ಲಿದೆ.

ಪಾಠಕ್ರಮದ ವಿಷಯದಲ್ಲಿ ಒಂದು ಸೂಚನೆ. ಸಂಭಾವನಾರ್ಥಕವನ್ನು ಬೋಧಿಸುವಾಗ 'ಮಾಡಿಯಾನು' ಎಂಬುದರಿಂದ ಆರಂಭಿಸದೆ 'ಇದ್ದಾನೆ, ಇದ್ದಾನು' ಎಂಬ ಜೋಡಿಯಿಂದ ಆರಂಭಿಸುವುದು ಲೇಸು. ಈ ಜೋಡಿಯಲ್ಲಿ ಎರಡು ರೂಪಗಳೂ ಗ್ರಂಥಭಾಷೆಯವೇ ಆದುದರಿಂದ ಯಾರ ಮನೆಯ ಮಾತೂ ತಪ್ಪೆನಿಸಿಕೊಳ್ಳುವುದಿಲ್ಲ. ಬಳಿಕ ಬಂದಾನ, ಬಂದಾನು, ಕರೆದಾನ, ಕರೆದಾನು, ಕಡೆಗೆ ಮಾಡ್ಯಾನ, ಮಾಡಿಯಾನು. ಪರೀಕ್ಷೆಯಲ್ಲಿ ಬಾಲಕನು 'ಮಾಡಿಯಾನು' ಎಂಬುದಕ್ಕೆ 'ಮಾಡಿದ್ದಾನೆ' ಎಂದು ಅರ್ಥ ಬರೆದಿದ್ದರೆ ಅಂಕವನ್ನು ಕಳೆಯಬೇಕಾದುದೇನೋ ಸರಿ; ಆದರೆ ಅದರ ಪಕ್ಕದಲ್ಲಿ ಕೆಂಪು ಮಸಿಯಿಂದ ಗೀಟೆಳೆದು ಸುಮ್ಮನಾಗದೆ, 'ಇದು ಮಾಡ್ಯಾನ ಅಲ್ಲ' ಎಂದು ನಾಲ್ಕಕ್ಷರ ಬರೆದರೆ ಆ ಹುಡುಗನಿಗೆ ಅದು ಕೂಡಲೆ ತಿಳಿಯುವುದು.