ಇಂಗಾಲದ ನಳಿಕೆಗಳನ್ನು ಸಾಲಿಗೆ ತಂದ ಬಗೆ

ತಟ್ಟೆಗೆ ಸುರಿದ ಒಣ ಶಾವಿಗೆ ಎಳೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬೀಳುತ್ತವೆ. ಆ ಎಳೆಗಳಲ್ಲಿ ವಿದ್ಯುತ್ ಹರಿಯುವಂತಿದ್ದರೆ ಅದು ಎಲ್ಲಿಂದ ಎಲ್ಲಿಗೆ ಹೋದೀತೆಂದು ಹೇಳುವವರಾರು? ಇಂಗಾಲದ ನ್ಯಾನೊ ನಳಿಕೆಗಳ ಬೆನ್ನು ಹತ್ತಿದ ವಿಜ್ಞಾನಿಗಳನ್ನು ವರ್ಷಗಟ್ಟಲೆ ಕಾಡಿದ ತೊಡಕು ಇದೇ.

ಜಪಾನಿನ ಸುಮಿಯೊ ಇಯಿಜಿಮಾ 1991ರಲ್ಲಿ ಈ ನಳಿಕೆಗಳ ವಿವರ ಪ್ರಕಟಿಸಿದಾಗ ಜಗತ್ತಿನ ಗಮನ ಅತ್ತ ಹರಿಯಿತು. ಇಂಗಾಲದ ಪರಮಾಣುಗಳ ಹಾಳೆಯೊಂದನ್ನು ಚಾಪೆಯಂತೆ ಸುರುಳಿ ಸುತ್ತಿದರೆ ಹೇಗೋ ಹಾಗೆ ಇವುಗಳ ರಚನೆ. ಒಂದೇ ಪದರದ ನಳಿಕೆಯ ಅಡ್ಡಗಲ ಸುಮಾರು 1 ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. 1998ರಲ್ಲಿ ಇಂಥ ಒಂದು ನಳಿಕೆಯಿಂದಲೇ ಟ್ರಾನ್ಸಿಸ್ಟರ್ ತಯಾರಾಯಿತು. ಆದರೆ ಒಂದನ್ನು ಮಾಡುವುದು ಬೇರೆ, ಸಾವಿರಾರನ್ನು ಒಪ್ಪವಾಗಿ ಜೋಡಿಸುವುದು ಬೇರೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸುಭಾಶಿಷ್ ಮಿತ್ರಾ, ಫಿಲಿಪ್ ವಾಂಗ್ ತಂಡ ಇದಕ್ಕೆ ಕ್ವಾರ್ಟ್ಜ್ ಹರಳಿನ ನೆರವು ಪಡೆಯಿತು. ಹರಳಿನಲ್ಲಿ ಪರಮಾಣುಗಳು ತಾವೇ ಸಾಲುಗಟ್ಟಿರುತ್ತವೆ. ಅದರ ಮೇಲೆ ಬೆಳೆಸಿದ ನಳಿಕೆಗಳು ಕೂರಿಗೆಯಿಂದ ಬಿತ್ತಿದ ಪೈರಿನಂತೆ ಆ ಸಾಲನ್ನೇ ಹಿಡಿಯುತ್ತವೆ. ಬಳಿಕ ಅವುಗಳ ಮೇಲೆ ತೆಳು ಚಿನ್ನದ ಪದರ ಹಚ್ಚಿ, ಅಂಟುಪಟ್ಟಿಯಿಂದ ಎಬ್ಬಿಸಿ, ಸಿಲಿಕಾನ್ ಬಿಲ್ಲೆಗೆ ವರ್ಗಾಯಿಸಿದರು. ಇಷ್ಟಾದರೂ ಸಾಲು ತಪ್ಪಿದವು ಕೆಲವು ಇದ್ದೇ ಇದ್ದವು. ಅವು ಎಲ್ಲೇ ಬಿದ್ದರೂ ಶಾರ್ಟ್ ಆಗದಂತೆ ಮಂಡಲದ ವಿನ್ಯಾಸವನ್ನೇ ಬದಲಿಸಿದ್ದು ಜಾಣತನ.

ಇನ್ನೊಂದು ಪೀಡೆ ಉಳಿದಿತ್ತು. ಸುರುಳಿ ಸುತ್ತಿಕೊಂಡ ಓರೆಯನ್ನು ಅನುಸರಿಸಿ ಸುಮಾರು ಮೂರರಲ್ಲೊಂದು ನಳಿಕೆ ಲೋಹದಂತೆ ವರ್ತಿಸುತ್ತದೆ. ಅದನ್ನು ಸ್ವಿಚ್ಚಿನಂತೆ ಆರಿಸಲಾಗದು. ತಂಡ ಅರೆವಾಹಕ ನಳಿಕೆಗಳನ್ನೆಲ್ಲ ಆರಿಸಿ, ಜೋರಾಗಿ ವಿದ್ಯುತ್ ಹರಿಸಿತು. ಲೋಹದ ಗುಣದವು ಕಾದು ಸುಟ್ಟುಹೋದವು!

2013ರಲ್ಲಿ ಪ್ರಕಟವಾದ ಆ ಗಣಕದಲ್ಲಿ ಇದ್ದದ್ದು 178 ಟ್ರಾನ್ಸಿಸ್ಟರ್. ಅದು ಎಣಿಸುತ್ತಿತ್ತು, ಅಂಕಿಗಳನ್ನು ಕ್ರಮವಾಗಿ ಜೋಡಿಸುತ್ತಿತ್ತು, ಅಷ್ಟೇ. 1971ರ ಇಂಟೆಲ್ 4004 ಚಿಪ್ಪಿನಲ್ಲೇ 2300 ಇದ್ದವು. 2019ರಲ್ಲಿ ಎಂಐಟಿ ತಂಡ 14,000ಕ್ಕೂ ಹೆಚ್ಚು ನಳಿಕೆ ಟ್ರಾನ್ಸಿಸ್ಟರ್‌ಗಳ ಚಿಪ್ ಮಾಡಿತು.

ಚೀನಾದ ಪೀಕಿಂಗ್ ವಿಶ್ವವಿದ್ಯಾಲಯದವರು 2020ರಲ್ಲಿ ಹಿಡಿದದ್ದು ಬೇರೆ ದಾರಿ. ಶುದ್ಧೀಕರಿಸಿದ ನಳಿಕೆಗಳ ದ್ರಾವಣದಿಂದ ಬಿಲ್ಲೆಯನ್ನು ನಿಧಾನ ಮೇಲೆತ್ತಿದರೆ ಅವು ದ್ರವದ ಅಂಚಿನಲ್ಲಿ ಸಾಲಾಗಿ ಅಂಟುತ್ತವೆ. ಮಿಲಿಮೀಟರಿನ ಸಾವಿರದ ಒಂದು ಪಾಲಿನಲ್ಲಿ 100ರಿಂದ 200 ನಳಿಕೆಗಳು ಕೂತವು. ಅರೆವಾಹಕ ಶುದ್ಧತೆ ಶೇಕಡಾ 99.9999ಕ್ಕೂ ಹೆಚ್ಚು.

ಸಾಲದೇ ಎಂದು ಕೇಳಬಹುದು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಒಂದು ಚಿಪ್ಪಿಗೆ 1000 ಕೋಟಿ ಟ್ರಾನ್ಸಿಸ್ಟರ್, ಒಂದೊಂದರಲ್ಲಿ 10 ನಳಿಕೆ ಎಂದಿಟ್ಟುಕೊಂಡರೆ, ಹತ್ತು ಲಕ್ಷಕ್ಕೊಂದು ಕೆಟ್ಟರೂ ಕೆಟ್ಟವು ಒಂದು ಲಕ್ಷ.